ಒಂಬತ್ತು ಕಿಲೋಮೀಟರ್, ನಿಧಾನವಾಗಿ

ಜನವರಿ 12

ಅಪ್ಪಾ,

ನಿನ್ನ ಬಿಡುಗಡೆಗೆ ಇನ್ನು ನೂರಾ ಆರು ದಿನ. ಕ್ಯಾಲೆಂಡರಿನಲ್ಲಿ ಏಪ್ರಿಲ್ ಇಪ್ಪತ್ತೆಂಟಕ್ಕೆ ಕೆಂಪು ಸುತ್ತು ಹಾಕಿದ್ದೇನೆ. ಅಜ್ಜಿ ಅದನ್ನು ನೋಡಿ, "ಯಾಕೇ, ಅವತ್ತು ಗ್ಯಾಸ್ ಸಿಲಿಂಡರ್ ಬರುತ್ತಾ?" ಅಂದಳು. ಬೇಕೆಂದೇ ಅಂದಳು. ನಿನ್ನನ್ನು ಹೆತ್ತವಳಲ್ಲವೇ, ಅಳು ಬಂದಾಗ ತಮಾಷೆ ಮಾಡುತ್ತಾಳೆ.

ವಿಷಯ ಏನೆಂದರೆ, ನಾನೊಂದು ಯೋಜನೆ ಹಾಕಿದ್ದೇನೆ. ನೀನು ಬಂದ ಮೊದಲ ಭಾನುವಾರ, ಮೇ ಮೂರನೇ ತಾರೀಕು, ನಾವು ನಾಲ್ವರೂ ಊರ ನಡುವಿನ ಕಾಡಿಗೆ ಸೈಕಲ್ಲಿನಲ್ಲಿ ಹೋಗುವುದು. ನಿಮ್ಮ ಬಸ್ ಡಿಪೋದ ಹಿಂದಿನ ಗೋಡೆಯಾಚೆ ಶುರುವಾಗಿ ನೀರಿನ ಟ್ಯಾಂಕಿನ ತನಕ ಹಬ್ಬಿದೆಯಲ್ಲ, ಅದೇ ಕಾಡು. ಹದಿನೆಂಟು ವರ್ಷ ಅದರ ಪಕ್ಕದಲ್ಲೇ ಬಸ್ ಓಡಿಸಿದೆ, ಒಂದು ದಿನವೂ ನಮ್ಮನ್ನು ಒಳಗೆ ಕರೆದುಕೊಂಡು ಹೋಗಲಿಲ್ಲ. ಈಗ ಅಲ್ಲಿ ಸೈಕಲ್ಲಿಗೆಂದೇ ದಾರಿ ಮಾಡಿದ್ದಾರೆ. ಒಂದು ಸುತ್ತಿಗೆ ಒಂಬತ್ತು ಕಿಲೋಮೀಟರ್. ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ನಾನು ಆಗಲೇ ಮೂರು ಸಲ ಹೋಗಿ ನೋಡಿಕೊಂಡು ಬಂದೆ. ಬಿದಿರಿನ ಮೆಳೆ ದಾಟಿದರೆ ಒಂದು ಸಣ್ಣ ಸೇತುವೆ. ಅಲ್ಲಿಗೆ ಊರಿನ ಸದ್ದು ಪೂರ್ತಿ ನಿಂತುಹೋಗುತ್ತದೆ.

ಆತುರವೇನಿಲ್ಲ. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ವಾಪಸ್. ಒಂಬತ್ತು ಕಿಲೋಮೀಟರಿಗೆ ನಾಲ್ಕು ಗಂಟೆ! ಆಮೆಯೂ ನಮ್ಮನ್ನು ಓವರ್‌ಟೇಕ್ ಮಾಡುತ್ತದೆ. ಆದರೆ ಇಷ್ಟು ನಿಧಾನದ ಯೋಜನೆ ಹಾಕಿರುವ ನಾನೇ ಕೂತಲ್ಲಿ ಕೂರುತ್ತಿಲ್ಲ. ಪುಸ್ತಕ ತೆರೆದರೆ ಎರಡನೇ ಸಾಲಿಗೆ ಎದ್ದು ಕಿಟಕಿಯ ಹತ್ತಿರ ಹೋಗುತ್ತೇನೆ. "ನಿನ್ನ ಕಾಲಿಗೇನು ಸ್ಪ್ರಿಂಗ್ ಹಾಕಿದಾರಾ?" ಅಂತ ಅಜ್ಜಿ ಬೈಯುತ್ತಾಳೆ.

ಅಜ್ಜಿಯನ್ನು ಹೇಗೆ ಕರೆದುಕೊಂಡು ಹೋಗುವುದೆಂಬ ಚಿಂತೆ ಬೇಡ. ಕಾಡಿನ ಗೇಟಿನಲ್ಲಿ ಮೂರು ಚಕ್ರದ ಸೈಕಲ್ ಬಾಡಿಗೆಗೆ ಸಿಗುತ್ತದೆ, ಹಿಂದೆ ಸೀಟಿದೆ. ನಾನು ತುಳಿಯುತ್ತೇನೆ. ಅವಳಿಗೆ ಹೇಳಿದ್ದಕ್ಕೆ, "ನಾನೇನು ಮೂಟೆಯೇ, ಹಿಂದೆ ಹೇರ್ಕೊಂಡು ಹೋಗೋಕೆ?" ಅಂದಳು. ಹತ್ತು ನಿಮಿಷ ಬಿಟ್ಟು, "ಆ ಸೀಟಿಗೆ ಒರಗು ಇದೆಯಾ?" ಅಂತ ಕೇಳಿದಳು.

ಅಮ್ಮನಿಗೂ ಹೇಳಿದೆ. ಸಮವಸ್ತ್ರದ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ತಲೆ ಎತ್ತದೆ "ಹ್ಞೂಂ" ಅಂದಳು.

ಅಲ್ಲಿ, ಆ ಸೇತುವೆಯ ಹತ್ತಿರ, ನಿನಗೆ ಒಂದು ಮಾತು ಹೇಳುವುದಿದೆ. ಕಾಗದದಲ್ಲಿ ಬರೆಯಲಾಗುವುದಿಲ್ಲ, ಯಾಕೆಂದರೆ ನಿನ್ನ ಕೈಸೇರುವ ಮೊದಲು ಇದನ್ನು ಜೈಲಿನ ಆಫೀಸಿನಲ್ಲಿ ಓದುತ್ತಾರೆ. (ಸಾಹೇಬರೇ, ನಮಸ್ಕಾರ.) ಭೇಟಿಯ ದಿನ ಜಾಲರಿಯ ಈಚೆಯಿಂದ ಕೂಗಿ ಹೇಳುವಂಥದ್ದೂ ಅಲ್ಲ.

ಬರುತ್ತೀಯಲ್ಲ?

ನಿನ್ನ ತರಲೆ


ಫೆಬ್ರವರಿ 1

ತರಲೇ,

ನಿನ್ನ ಕಾಗದ ಕೊಡುವಾಗ ಸಾಹೇಬರು, "ಮಗಳು ಜೋರಿದಾಳೆ ಕಣಯ್ಯ" ಅಂದರು. ಅವರಿಗೆ ಯಾರೂ ನಮಸ್ಕಾರ ಬರೆಯುವುದಿಲ್ಲವಂತೆ.

ನಾನು ಚೆನ್ನಾಗಿದ್ದೇನೆ. ಈಗ ನನ್ನನ್ನು ತೋಟದ ಕೆಲಸಕ್ಕೆ ಹಾಕಿದ್ದಾರೆ. ಬದನೆಸಸಿ ನಾಟಿ ಮಾಡಿದೆವು. ಗಿಡಗಳಲ್ಲಿ ಒಂದು ಒಳ್ಳೆಯ ಗುಣವಿದೆ, ಅವು ಯಾವುದೂ ಅಡ್ಡ ಬರುವುದಿಲ್ಲ, ಇದ್ದಲ್ಲೇ ಇರುತ್ತವೆ.

ಯೋಜನೆ ಚೆನ್ನಾಗಿದೆ. ಆದರೆ ಕೆಲವು ಪ್ರಶ್ನೆ ಕೇಳುತ್ತೇನೆ, ಡ್ರೈವರ್ ಬುದ್ಧಿ ಎಲ್ಲಿ ಹೋಗುತ್ತದೆ? ದಾರಿ ಎಷ್ಟು ಅಗಲ? ಎದುರಿನಿಂದ ಬರುವವರೂ ಅದೇ ದಾರಿಯಲ್ಲೇ ಬರುತ್ತಾರೋ, ಬೇರೆ ಇದೆಯೋ? ತಿರುವಿನಲ್ಲಿ ಮುಂದೆ ಎಷ್ಟು ದೂರ ಕಾಣುತ್ತದೆ? ಪಕ್ಕದಿಂದ ಅಡ್ಡದಾರಿಗಳು ಎಷ್ಟು ಕಡೆ ಬಂದು ಸೇರುತ್ತವೆ? ಇದನ್ನು ಸರಿಯಾಗಿ ನೋಡಿ ಬರೆ. ಮೋಟಾರು ಗಾಡಿ ಇಲ್ಲ ಅಂದೆ. ಕಸ ಎತ್ತುವ ಗಾಡಿಯೂ ಇಲ್ಲವೇ?

ಒಂದು ವಿಚಾರ. ನನ್ನ ಬಲಮಂಡಿ ಮೊದಲಿನ ಹಾಗಿಲ್ಲ. ನೀವು ಮೂವರೂ ಸೈಕಲ್ಲಿನಲ್ಲಿ ಹೋಗಿ, ನಾನು ಗೇಟಿನ ಹತ್ತಿರದ ಬೆಂಚಿನ ಮೇಲೆ ಬುತ್ತಿ ಕಾಯುತ್ತಾ ಕೂತಿದ್ದರೂ ಆಯಿತಲ್ಲ? ಅದೂ ಒಟ್ಟಿಗೆ ಹೋದ ಹಾಗೆಯೇ.

ನಿಮ್ಮಮ್ಮ "ಹ್ಞೂಂ" ಅಂದಳು ಎಂದು ಬರೆದಿದ್ದೀಯ. ಅದು ಯಾವ ಹ್ಞೂಂ? ಅವಳ ಹತ್ತಿರ ನಾಲ್ಕೈದು ಥರದ್ದಿವೆ. ಆಗಲಿ ಅನ್ನುವುದೋ, ಕೇಳಿಸಿತು ಅನ್ನುವುದೋ, ಸಾಕು ನಿಲ್ಲಿಸು ಅನ್ನುವುದೋ? ನಾನು ಇಲ್ಲಿಗೆ ಬಂದ ಮೇಲೆ ಅವಳು ಒಂದು ಸಾಲೂ ಬರೆದಿಲ್ಲ. ಬರೆಯಬೇಕೆಂದು ಹೇಳಬೇಡ. ಸುಮ್ಮನೆ ಕೇಳಿದೆ.

ಅಜ್ಜಿಯ ಕಾಲಿನ ಊತ ಇಳಿಯಿತೇ?

ನಿನ್ನ ಅಪ್ಪ


ಫೆಬ್ರವರಿ 20

ಅಪ್ಪಾ,

ಅಮ್ಮನ ಟೇಪು ತೆಗೆದುಕೊಂಡು ಹೋಗಿ ಅಳೆದೆ. ದಾರಿಯ ಅಗಲ ಎಂಟು ಅಡಿ ನಾಲ್ಕಿಂಚು. ವಾಕಿಂಗ್ ಬಂದಿದ್ದವರೊಬ್ಬರು, "ಏನಮ್ಮ, ಕಾಡಿಗೆ ಅಂಗಿ ಹೊಲಿಸ್ತೀಯಾ?" ಅಂದರು. ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋಗಬೇಕು, ಎದುರಿನಿಂದ ಯಾರೂ ಬರುವಂತಿಲ್ಲ. ಅಡ್ಡದಾರಿ ಐದು ಕಡೆ ಸೇರುತ್ತವೆ. ಐದು ಕಡೆಯೂ ಬೋರ್ಡಿದೆ. ಕಸದ ಗಾಡಿ ಸೋಮವಾರ ಮಾತ್ರ. ಇನ್ನೇನು ಬೇಕು ನಿನಗೆ? ಬೆಂಚಿನ ಮೇಲೆ ಕೂರುತ್ತೇನೆ ಅನ್ನುವ ಮಾತನ್ನು ನಾನು ಓದಿಯೇ ಇಲ್ಲ ಅಂದುಕೋ.

ನಿನ್ನ ಸೈಕಲ್ಲನ್ನು ಅಂಗಡಿಗೆ ಹಾಕಿದೆ. ಎರಡು ಟ್ಯೂಬೂ ಹೋಗಿದ್ದವು. ಮುಂದಿನ ಚಕ್ರದ ಬೆಂಡ್ ತೆಗೆದು, ಹೊಸ ಬ್ರೇಕ್ ರಬ್ಬರು ಹಾಕಿ ಕೊಟ್ಟರು. ಗಂಟೆ ಮಾತ್ರ ಹಳೆಯದೇ. ಬದಲಾಯಿಸಲು ಅಜ್ಜಿ ಬಿಡಲಿಲ್ಲ.

ಇನ್ನು ದೊಡ್ಡ ಸುದ್ದಿ. ಅಮ್ಮ ಸೈಕಲ್ ಕಲಿತಳು! ನಿನಗೆ ಹೇಳಬೇಡ ಅಂದಿದ್ದಳು, ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಅವಳಿಗೂ ಗೊತ್ತು. ನಲವತ್ತಮೂರನೇ ವಯಸ್ಸಿನಲ್ಲಿ, ಶಾಲೆಯ ಮೈದಾನದಲ್ಲಿ, ನಾನು ಹಿಂದೆ ಹಿಡಿದುಕೊಂಡು ಓಡಿದೆ. ಮೂರು ಸಲ ಬಿದ್ದಳು. ಮೊಣಕೈ ತರಚಿತು. ಎದ್ದು ಸೀರೆ ಕೊಡವಿ ಮತ್ತೆ ಹತ್ತುತ್ತಿದ್ದಳು, ಒಂದು ಸಲವೂ "ಅಯ್ಯೋ" ಅನ್ನಲಿಲ್ಲ. ಅದು ನಮ್ಮ ಈ ಕಾಡಿನ ಸುತ್ತಿಗೆ ಅಂತ ನೀನು ಖುಷಿಪಡಬೇಡ. ನೀನು ಹೋದಾಗಿನಿಂದ ಅವಳು ಬಸ್ ಹತ್ತುತ್ತಿಲ್ಲ. ಹೊಲಿಗೆ ಘಟಕಕ್ಕೆ ದಿನಾ ಐವತ್ತು ನಿಮಿಷ ನಡೆದೇ ಹೋಗುತ್ತಿದ್ದಳು. ಡ್ರೈವರು ಕಂಡಕ್ಟರುಗಳೆಲ್ಲ ನಿನ್ನ ಜೊತೆಯವರು, ಯಾರ ಮುಖ ನೋಡುವುದು?

ಅವಳು ಯಾಕೆ ಬರೆಯುವುದಿಲ್ಲ ಎಂದು ಧೈರ್ಯ ಮಾಡಿ ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಡಿಪೋದವರು ಮನೆಗೇ ಬಂದು ಹೇಳಿದ್ರು, ಬ್ರೇಕ್ ಹಿಡೀಲಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕು, ಬಚಾವು ಅಂತ. ನಿಮ್ಮಪ್ಪ ಕೋರ್ಟಲ್ಲಿ ನಿಂತು, ಬ್ರೇಕ್ ಸರಿಯಾಗೇ ಇತ್ತು, ನನ್ನ ಗಮನ ತಪ್ತು ಅಂದ್ರು. ಗಮನ ಯಾಕೆ ತಪ್ತು ಅಂತ ನಾನು ಕೇಳಿದ್ರೆ ಬಾಯಿ ಬಿಡಲಿಲ್ಲ. ಸತ್ಯ ಹೇಳೋರು ಪೂರ್ತಿ ಹೇಳಬೇಕು. ಅರ್ಧ ಹೇಳಿ ಒಳಗೆ ಹೋದ್ರು, ಮಿಕ್ಕ ಅರ್ಧದ ಜೊತೆ ನಾನು ಸಂಸಾರ ಮಾಡ್ತಿದೀನಿ."

ನಾನು ಅಲ್ಲಿಂದ ಎದ್ದು ಹೋದೆ. ಬೀದಿಯ ಕೊನೆಯವರೆಗೆ ಹೋಗಿ, ವಾಪಸ್ ಬಂದು, ಮತ್ತೆ ಹೋದೆ.

ಅಪ್ಪಾ, ಮೇ ಮೂರು. ಏಳು ಗಂಟೆ.

ತರಲೆ


ಏಪ್ರಿಲ್ 10

ತರಲೇ,

ಇಪ್ಪತ್ತೆಂಟನೇ ತಾರೀಕು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ, ದೊಡ್ಡ ಗೇಟು. ಅಜ್ಜಿಯನ್ನು ಬಿಸಿಲಿನಲ್ಲಿ ನಿಲ್ಲಿಸಬೇಡ. ಎದುರಿಗೆ ಒಂದು ಟೀ ಅಂಗಡಿಯಿದೆಯಂತೆ, ಅಲ್ಲಿ ಕೂರಿಸು.

ಅಪ್ಪ


ಏಪ್ರಿಲ್ 28

ತರಲೇ,

ಇದನ್ನು ಬರೆಯುವ ಹೊತ್ತಿಗೆ ನೀವು ಗೇಟಿನ ಮುಂದೆ ನಿಂತಿರುತ್ತೀರಿ. ಬೈಯಿ. ಎಷ್ಟು ಬೇಕಾದರೂ ಬೈಯಿ. ನನ್ನನ್ನು ನಿನ್ನೆಯೇ ಬಿಟ್ಟರು. ದಿನ ಬದಲಾದದ್ದು ನನಗೆ ಒಂದು ವಾರ ಮೊದಲೇ ಗೊತ್ತಿತ್ತು. ನಿಮಗೆ ತಿಳಿಸಲಿಲ್ಲ.

ಒಳಗೆ ನನ್ನ ಜೊತೆ ತೋಟದ ಕೆಲಸ ಮಾಡುತ್ತಿದ್ದವನ ಅಣ್ಣ ಇಲ್ಲಿ ನರ್ಸರಿ ಇಟ್ಟಿದ್ದಾರೆ. ನಮ್ಮೂರಿನಿಂದ ಐದು ಗಂಟೆಯ ದಾರಿ. ಸಸಿಗಳಿಗೆ ನೀರು ಹಾಕುವುದು, ಚೀಲಕ್ಕೆ ಮಣ್ಣು ತುಂಬುವುದು. ಮಲಗಲು ಗೊಬ್ಬರದ ಮನೆಯ ಪಕ್ಕ ಒಂದು ಕೋಣೆ ಕೊಟ್ಟಿದ್ದಾರೆ. ಸ್ವಲ್ಪ ದಿನ ಇಲ್ಲಿದ್ದು, ಕೈಗೊಂದು ಕೆಲಸ ಹತ್ತಿಸಿಕೊಂಡು ಬರುತ್ತೇನೆ. ಬರಿಗೈಯಲ್ಲಿ ಮನೆಗೆ ಬಂದು ಏನು ಮಾಡಲಿ?

ಮೇ ಮೂರು ಆಗುವುದಿಲ್ಲ. ಮುಂದೆ ಹಾಕೋಣ.

ಫೋನು ಇಟ್ಟುಕೊಂಡಿಲ್ಲ, ಇಟ್ಟುಕೊಳ್ಳುವುದೂ ಇಲ್ಲ. ಕಾಗದ ಬರೆ. ವಿಳಾಸ ಹಿಂದುಗಡೆ ಇದೆ.

ಅಪ್ಪ


ಮೇ 5

ಅಪ್ಪಾ,

ಹತ್ತರಿಂದ ಒಂದೂವರೆಯವರೆಗೆ. ಅಜ್ಜಿ ಟೀ ಅಂಗಡಿಯಲ್ಲಿ ಕೂರಲು ಒಪ್ಪಲಿಲ್ಲ, "ಅವನು ಬಂದು ಹುಡುಕ್ತಾನೆ" ಅಂತ ಗೇಟಿನ ಎದುರಿಗೇ ನಿಂತಳು. ಕೊನೆಗೆ ಒಬ್ಬ ಪೊಲೀಸು ಪಾಪ ಅನ್ನಿಸಿ ಒಳಗೆ ಹೋಗಿ ರಿಜಿಸ್ಟರ್ ನೋಡಿ ಬಂದ. "ನಿನ್ನೇನೇ ಹೋದ್ರಲ್ಲಮ್ಮ" ಅಂದ.

ಅಜ್ಜಿ ಅವನಿಗೆ ಏನಂದಳು ಗೊತ್ತೇ? "ಇಲ್ಲ ಬಿಡಪ್ಪ, ಅದು ಬೇರೆ ಯಾರೋ ಇರಬೇಕು" ಅಂದಳು.

ಅಮ್ಮನೂ ಬಂದಿದ್ದಳು. ನಿನಗೆ ಅದು ಗೊತ್ತಿರಲಿ. ಘಟಕಕ್ಕೆ ರಜೆ ಹಾಕಿ, ಸೈಕಲ್ ತುಳಿದುಕೊಂಡು ಬಂದಿದ್ದಳು. ಪೊಲೀಸು ಹೇಳಿದ್ದನ್ನು ಕೇಳಿ, ಸ್ಟ್ಯಾಂಡ್ ತೆಗೆದು, ಹತ್ತಿ ಹೊರಟುಹೋದಳು.

ನೀನು ಯಾಕೆ ಬರುತ್ತಿಲ್ಲ ಅಂತ ನನಗೆ ಗೊತ್ತು. ಮಂಡಿಯಲ್ಲ, ಕೆಲಸವಲ್ಲ. ನನ್ನ ಮುಖ ನೋಡಲು ನಿನಗೆ ಇಷ್ಟವಿಲ್ಲ. ಈಗ ನಮ್ಮ ಕಾಗದವನ್ನು ಯಾವ ಸಾಹೇಬರೂ ಓದುವುದಿಲ್ಲ, ಹೇಳಬೇಕಾದ್ದನ್ನು ಇಲ್ಲೇ ಬರೆಯಬಹುದು. ಮೂರು ದಿನದಿಂದ ಕೂತು ನೋಡಿದೆ. ಪೆನ್ನು ಮುಂದೆ ಹೋಗುವುದಿಲ್ಲ. ಅದನ್ನು ಅಲ್ಲಿಯೇ ಹೇಳಬೇಕು.

ಮೇ ಇಪ್ಪತ್ತನಾಲ್ಕು, ಭಾನುವಾರ. ಇದು ಕೊನೆಯ ತಾರೀಕು. ಬಾರದಿದ್ದರೆ ನಾನು ಮತ್ತೆ ಕರೆಯುವುದಿಲ್ಲ.


ಮೇ 19

ತರಲೇ,

ನಿನ್ನ ಮುಖ ನೋಡಲು ಇಷ್ಟವಿಲ್ಲ ಅಂತ ಯಾಕೆ ಬರೆದೆ? ಅದು ನನಗೆ ಅರ್ಥವಾಗಲಿಲ್ಲ. ನಾಲ್ಕು ಸಲ ಓದಿದೆ.

ಇಪ್ಪತ್ತಮೂರಕ್ಕೆ ನಾಲ್ಕು ಸಾವಿರ ಸಸಿ ಲೋಡು ಆಗಬೇಕು. ನಾನಿಲ್ಲದಿದ್ದರೆ ಆಗುವುದಿಲ್ಲ. ಮಂಡಿಯೂ ಹಾಗೇ ಇದೆ. ಈ ಸಲ ನೀವು ಮೂವರೇ ಹೋಗಿ ಬನ್ನಿ. ಅಜ್ಜಿಗೆ ಕೊಡೆ ಹಿಡಿ.

ಅಪ್ಪ


ಮೇ 29

ಎರಡು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ನೇರವಾಗಿ ವಿಷಯಕ್ಕೆ ಬರುತ್ತಿದ್ದೇನೆ.

ಇಪ್ಪತ್ತನಾಲ್ಕರಂದು ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಗಳು ಹೊರಟುಹೋಗಿದ್ದಳು. ಬುತ್ತಿಗೆಂದು ತಂದಿಟ್ಟಿದ್ದ ಬ್ರೆಡ್ಡು, ಬಾಳೆಹಣ್ಣು ಮೇಜಿನ ಮೇಲೆ ಹಾಗೇ ಇತ್ತು. ಒಬ್ಬಳೇ ಒಂದು ಸುತ್ತು ಹಾಕಿ ಸಿಟ್ಟು ಇಳಿಸಿಕೊಂಡು ಬರಲಿ ಎಂದುಕೊಂಡೆ. ಹನ್ನೊಂದಾಯಿತು, ಹನ್ನೆರಡಾಯಿತು. ಅತ್ತೆ ಬಾಗಿಲಿಗೂ ಒಳಗೂ ಓಡಾಡಲು ಶುರುಮಾಡಿದರು. ನಾನು ಸೈಕಲ್ ತೆಗೆದೆ.

ಗೇಟಿನವನು, "ಆ ಹುಡುಗೀನಾ? ನಾಲ್ಕನೇ ಸುತ್ತಲ್ಲಿದಾಳೆ. ಯಾರೋ ಅಟ್ಟಿಸ್ಕೊಂಡು ಬರ್ತಿರೋ ಥರ ತುಳೀತಾಳೆ" ಅಂದ. ನಿಧಾನವಾಗಿ ಹೋಗುವ ದಾರಿಯಂತೆ ಅದು! ಬಿದಿರಿನ ಮೆಳೆಯ ಆಚೆ, ಸಣ್ಣ ಸೇತುವೆಯ ಹತ್ತಿರ ಸಿಕ್ಕಿದಳು. ಚೈನು ಬಿದ್ದಿತ್ತು. ನೆಲದ ಮೇಲೆ ಕೂತು ಚೈನು ಹಾಕುತ್ತಿದ್ದಳು, ಅದು ಕೂರುತ್ತಿರಲಿಲ್ಲ. ಎರಡೂ ಕೈ ಮೊಣಕೈವರೆಗೆ ಕಪ್ಪು. ನಾನು ಪಕ್ಕದಲ್ಲಿ ಕೂತೆ. ನನ್ನ ಕಡೆ ನೋಡದೆ ಹೇಳಿದಳು.

"ಅಮ್ಮ, ಅವತ್ತು ಹತ್ತೂ ಇಪ್ಪತ್ತಕ್ಕೆ ನಾನು ನಿನ್ನ ಫೋನಿಂದ ಅಪ್ಪಂಗೆ ಫೋನ್ ಮಾಡಿದ್ದೆ. ಮೂರು ಸಲ. ಅಪ್ಪ ಎತ್ತಲಿಲ್ಲ. ಸೈಕಲ್ ಪಂಪ್ ಎಲ್ಲಿಟ್ಟಿದೀಯ ಅಂತ ಕೇಳೋಕೆ ಅಷ್ಟೆ. ಆಮೇಲೆ ನೋಡಿದ್ರೆ ಬಾಗಿಲ ಹಿಂದೇನೇ ಇತ್ತು."

ನಾನು ಸೈಕಲ್ಲಿನ ಹಿಂದಿನ ಚಕ್ರ ಎತ್ತಿ ಹಿಡಿದೆ.

"ಆಕ್ಸಿಡೆಂಟ್ ಆಗಿದ್ದೂ ಹತ್ತೂ ಇಪ್ಪತ್ತಕ್ಕೇ ಅಲ್ವಾ? ಅಪ್ಪ ನನ್ನ ಹೆಸರು ಹೇಳಬಾರದು ಅಂತಾನೇ ಒಳಗೆ ಹೋದ. ಆ ಮನುಷ್ಯ ಸತ್ತಿದ್ದು ನನ್ನಿಂದ. ಅದಕ್ಕೇ ಅಪ್ಪ ಬರ್ತಿಲ್ಲ."

ಎರಡು ವರ್ಷ. ಎರಡು ವರ್ಷ ಈ ಹುಡುಗಿ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಕೂತಲ್ಲಿ ಕೂರುವುದಿಲ್ಲ, ಓದಲು ಆಗುವುದಿಲ್ಲ, ಯಾವಾಗಲೂ ಒಂದಲ್ಲ ಒಂದು ಓಡಾಟ. ವಯಸ್ಸಿನ ಹುಡುಗಾಟ ಎಂದುಕೊಂಡೆ. ನಾನೂ ನನ್ನ ಸಿಟ್ಟನ್ನೇ ಕಟ್ಟಿಕೊಂಡು ಕೂತಿದ್ದೆ, ಅವಳ ಮುಖ ನೋಡಲಿಲ್ಲ. ಅದು ನನ್ನ ತಪ್ಪು.

ಈಗ ನಿಮ್ಮದು. ಆ ಫೋನಿನ ವಿಷಯ ನಿಮಗೆ ಗೊತ್ತಿತ್ತು. ಪೊಲೀಸರಿಗೆ ಹೇಳಲಿಲ್ಲ, ಕೋರ್ಟಿಗೆ ಹೇಳಲಿಲ್ಲ, ಕಟ್ಟಿಕೊಂಡವಳಿಗೆ ಹೇಳಲಿಲ್ಲ. ಮಗಳನ್ನು ಕಾಪಾಡಿದೆ ಎಂದುಕೊಂಡಿರಿ. ನೀವು ಬಾಯಿ ಮುಚ್ಚಿಕೊಂಡದ್ದರಿಂದ ಅವಳು ತಾನೇ ತೀರ್ಪು ಬರೆದುಕೊಂಡಳು. ನಿಮ್ಮ ಶಿಕ್ಷೆಗಾದರೂ ಒಂದು ತಾರೀಕಿತ್ತು.

ನಾನು ಎಷ್ಟು ಹೇಳಿದರೂ ಅವಳು ನಂಬುವುದಿಲ್ಲ, ಯಾಕೆಂದರೆ ಬಸ್ಸಿನಲ್ಲಿ ನಾನಿರಲಿಲ್ಲ. ಇದ್ದವರು ನೀವು. ನಡೆದದ್ದು ನಡೆದ ಹಾಗೆ ಹೇಳಿ. ಚೆನ್ನಾಗಿ ಕಾಣುವ ಹಾಗೆ ಹೇಳಬೇಡಿ, ಅವಳಿಗೆ ಗೊತ್ತಾಗುತ್ತದೆ.

ನನ್ನ ಸಿಟ್ಟು ಹೋಯಿತೆಂದು ತಿಳಿಯಬೇಡಿ. ಮಗಳ ವಿಷಯಕ್ಕೆ ಬರೆದೆ, ಅಷ್ಟೆ.

— ನಾನು


ಜೂನ್ 3

ನನ್ನ ತರಲೇ,

ನಿಮ್ಮಮ್ಮನ ಕಾಗದ ಬಂತು. ಓದಿ ನೀರಿನ ಪೈಪು ಹಿಡಿದುಕೊಂಡೇ ನಿಂತುಬಿಟ್ಟೆ. ಒಂದು ಸಾಲು ಸಸಿ ಪೂರ್ತಿ ಮುಳುಗಿಹೋಯಿತು.

ನೀನು ಕೇಳದೆ ಇದ್ದದ್ದನ್ನು ಹೇಳುತ್ತೇನೆ. ನಡೆದ ಹಾಗೆ ಹೇಳುತ್ತೇನೆ.

ಅವತ್ತು ಬಸ್ಸಿನಲ್ಲಿ ಹದಿನೈದು ಇಪ್ಪತ್ತು ಜನ ಇದ್ದರು. ರಸ್ತೆ ಖಾಲಿ. ಫೋನು ನನ್ನ ಅಂಗಿಯ ಜೇಬಿನಲ್ಲಿತ್ತು. ಡ್ಯೂಟಿಯಲ್ಲಿ ಅದನ್ನು ಆಫ್ ಮಾಡಿ ಬ್ಯಾಗಿನಲ್ಲಿ ಇಡಬೇಕೆಂದು ನಿಯಮ. ಹದಿನೆಂಟು ವರ್ಷ ಹೊಸ ಹುಡುಗರಿಗೆ ಆ ನಿಯಮ ಹೇಳಿಕೊಟ್ಟವನು ನಾನೇ. ಅವತ್ತು ಬೆಳಿಗ್ಗೆ ಇಡಲಿಲ್ಲ. ಅದಕ್ಕೆ ಹಿಂದಿನ ದಿನವೂ ಇಟ್ಟಿರಲಿಲ್ಲ. ಏನಾಗುತ್ತದೆ ಎಂಬ ಧಿಮಾಕು.

ಫೋನು ಒಂದು ಸಲ ಬಡಿದುಕೊಂಡಿತು. ಬಿಟ್ಟೆ. ಎರಡನೇ ಸಲ. ಬಿಟ್ಟೆ. ಮೂರನೇ ಸಲ ಸುಮ್ಮನಾಗಿಸೋಣ ಎಂದು ಎಡಗೈ ಜೇಬಿಗೆ ಹೋಯಿತು, ಕಣ್ಣು ಕೈಯ ಹಿಂದೆ ಹೋಯಿತು. ಒಂದು ಕ್ಷಣ. ತಲೆ ಎತ್ತಿದಾಗ ಒಬ್ಬರು ಸೈಕಲ್ಲಿನಲ್ಲಿ ಅಡ್ಡರಸ್ತೆಯಿಂದ ಬಂದು ನನ್ನ ಮುಂದಿದ್ದರು. ಬಣ್ಣ ಬಳಿಯುವ ಕೆಲಸದವರು. ಹ್ಯಾಂಡಲ್ಲಿಗೆ ಬಣ್ಣದ ಡಬ್ಬ ತೂಗುಹಾಕಿದ್ದರು. ಬ್ರೇಕ್ ಒತ್ತಿದೆ. ಹಿಡಿಯಿತು, ಚೆನ್ನಾಗಿಯೇ ಹಿಡಿಯಿತು, ಆದರೆ ತಡವಾಗಿತ್ತು. ಇಳಿದು ಓಡಿದೆ. ರಸ್ತೆಯ ತುಂಬ ಹಸಿರು ಬಣ್ಣ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. "ಡಬ್ಬ ಎತ್ತಿಡಿ, ಚೆಲ್ಲೋಗತ್ತೆ" ಅಂದರು. ಆಮೇಲೆ ಮಾತನಾಡಲಿಲ್ಲ.

ಇಷ್ಟೇ ನಡೆದದ್ದು. ಫೋನು ಮಾಡಿದ್ದು ನೀನು, ಹೌದು. ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಮನೆಯಲ್ಲಿರುವ ಮಗು ಪಂಪು ಸಿಗದಿದ್ದರೆ ಅಪ್ಪನಿಗೆ ಫೋನು ಮಾಡದೆ ಇನ್ನಾರಿಗೆ ಮಾಡುತ್ತದೆ? ನಾನು ಬಸ್ಸು ಓಡಿಸುತ್ತಿದ್ದೇನೋ, ಟೀ ಕುಡಿಯುತ್ತಿದ್ದೇನೋ ಅದಕ್ಕೆ ಕಾಣುತ್ತದೆಯೇ? ಕಾಣುತ್ತಿದ್ದದ್ದು ನನಗೆ. ಕಣ್ಣು ನನ್ನದು, ಕೈ ನನ್ನದು, ಜೇಬು ನನ್ನದು. ಅದರಲ್ಲಿ ನಿನ್ನ ಪಾಲು ಎಳ್ಳಷ್ಟೂ ಇಲ್ಲ. ಇದ್ದರೆ ನಾನು ಹೇಳುತ್ತಿದ್ದೆ ಮಗಳೇ. ಕೋರ್ಟಿನಲ್ಲಿಯೇ ತಪ್ಪನ್ನು ಬ್ರೇಕಿನ ಮೇಲೆ ಹಾಕದವನು ನಿನ್ನ ಹತ್ತಿರ ಸುಳ್ಳು ಹೇಳುತ್ತೇನೆಯೇ?

ಫೋನಿನ ವಿಷಯ ಯಾರಿಗೂ ಹೇಳಲಿಲ್ಲ, ಪೊಲೀಸರು ನಿನ್ನನ್ನು ಕರೆದು ಕೇಳಿಯಾರು ಎಂದು. ನಿನಗೆ ಸಮಯ ಹೊಂದಿಸಿ ನೋಡಲು ತಿಳಿಯುವುದಿಲ್ಲ ಎಂದುಕೊಂಡಿದ್ದೆ. ನಿನಗೆ ಹದಿನೈದು ವರ್ಷ ತುಂಬಿದ್ದು ಮರೆತು, ಐದು ವರ್ಷದವಳೆಂದೇ ಎಣಿಸಿದೆ.

ಬಾರದೆ ಇದ್ದದ್ದು ಯಾಕೆಂದು ಹೇಳಿಬಿಡುತ್ತೇನೆ. ಸೈಕಲ್ಲು. ಜೈಲಿನಿಂದ ಹೊರಗೆ ಬಂದಾಗ ರಸ್ತೆ ದಾಟಬೇಕಿತ್ತು. ಸೈಕಲ್ಲಿನಲ್ಲಿ ಒಬ್ಬರು ಬಂದರು, ಆಮೇಲೆ ಇನ್ನೊಬ್ಬರು. ನಾನು ಗೋಡೆಗೆ ಒರಗಿ ಅರ್ಧ ಗಂಟೆ ನಿಂತಿದ್ದೆ. ಸೈಕಲ್ ಗಂಟೆಯ ಸದ್ದು ಕೇಳಿದರೆ ನನ್ನ ಬಲಗಾಲು ತಾನಾಗಿಯೇ, ಬ್ರೇಕ್ ಒತ್ತುವ ಹಾಗೆ, ನೆಲವನ್ನು ಒತ್ತುತ್ತದೆ. ನೀನು ಕಾಗದದಲ್ಲಿ ಸೈಕಲ್ಲು, ಟ್ಯೂಬು, ಬ್ರೇಕ್ ರಬ್ಬರು ಎಂದು ಅಷ್ಟು ಉತ್ಸಾಹದಿಂದ ಬರೆಯುತ್ತಿದ್ದೆ. ಹೇಗೆ ಹೇಳಲಿ? ಮಂಡಿ ನೋವು ಅಂದೆ.

ಜೂನ್ ಹದಿಮೂರು ಶನಿವಾರ ಸಂಜೆ ಬರುತ್ತೇನೆ. ಹದಿನಾಲ್ಕು ಭಾನುವಾರ ಕಾಡಿಗೆ ಹೋಗೋಣ. ಸೈಕಲ್ ತುಳಿಯುತ್ತೇನೆಂದು ಮಾತು ಕೊಡುವುದಿಲ್ಲ. ಬರುತ್ತೇನೆಂದು ಕೊಡುತ್ತೇನೆ. ಈ ಸಲ ತಾರೀಕು ಸರಿಯಾದದ್ದೇ.

ಅಪ್ಪ


ಜೂನ್ 16

ಅಪ್ಪಾ,

ನಿನ್ನೆ ಬೆಳಿಗ್ಗೆ ತಾನೇ ಹೋಗಿದ್ದೀಯ. ಇಷ್ಟು ಬೇಗ ಏನು ಬರೆಯುವುದಿದೆ ಅನ್ನುತ್ತೀಯ. ಇದೆ. ಭಾನುವಾರ ನೀನು ನಮ್ಮೆಲ್ಲರ ಹಿಂದಿದ್ದೆ, ಹಾಗಾಗಿ ಮುಂದೆ ಏನೇನಾಯಿತೆಂದು ನಿನಗೆ ಗೊತ್ತಿಲ್ಲ.

ಮೊದಲು ನಿನ್ನ ಕಾಗದದ ವಿಷಯ. ಅದನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ನಂಬಬೇಕು ಅನಿಸುತ್ತದೆ. ಬೆಳಿಗ್ಗೆ ಎದ್ದಾಗ ನಂಬುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅನುಮಾನ ಬರುತ್ತದೆ, ಮತ್ತೆ ಓದುತ್ತೇನೆ. ಹಸಿರು ಬಣ್ಣ ಅಂತ ಬರೆದಿದ್ದೀಯಲ್ಲ, ಅದು ನನಗೆ ಗೊತ್ತಿರಲಿಲ್ಲ. ಎರಡು ವರ್ಷ ನಾನು ಬರೀ ಕೆಂಪನ್ನೇ ನೋಡುತ್ತಿದ್ದೆ.

ಗೇಟಿನ ಹತ್ತಿರ ನೀನು ಸೈಕಲ್ಲಿನ ಹ್ಯಾಂಡಲ್ ಹಿಡಿದು ಬೆವರುತ್ತಾ ನಿಂತೆ. "ನೀವು ಹೋಗಿ, ನಾನು ತಳ್ಳಿಕೊಂಡು ಬರ್ತೀನಿ" ಅಂದೆ. ಹೊರಟೆವು. ನಾನು ಅಜ್ಜಿಯನ್ನು ಕೂರಿಸಿಕೊಂಡು ಮುಂದೆ, ಅಮ್ಮ ನಡುವೆ. ಅಜ್ಜಿ ಒರಗಿಗೆ ಒರಗಲೇ ಇಲ್ಲ, ಪೂರ್ತಿ ಹಿಂದಕ್ಕೆ ತಿರುಗಿ ಕೂತು ನಿನ್ನ ಸುದ್ದಿ ಹೇಳುತ್ತಿದ್ದಳು. "ತಳ್ತಿದಾನೆ. ತಳ್ತಿದಾನೆ. ನಿಂತ. ಅಯ್ಯೋ, ಸಣ್ಣ ಮಗು ಸೈಕಲ್‌ಗೆ ದಾರಿ ಬಿಟ್ಟ. ತಳ್ತಿದಾನೆ." ರೇಡಿಯೋದಲ್ಲಿ ಆಟದ ಸುದ್ದಿ ಹೇಳುವ ಹಾಗೆ.

ಬಿದಿರಿನ ಮೆಳೆಯ ತಿರುವು ಬಂತು. ತಿರುವು ದಾಟಿದ ಮೇಲೆ ಅಜ್ಜಿ ಕತ್ತು ಚಾಚಿ ನೋಡಿದಳು. "ಕಾಣ್ತಿಲ್ಲ" ಅಂದಳು.

ಸೇತುವೆಯ ಹತ್ತಿರ ನಿಲ್ಲಿಸಿದೆವು. ಐದು ನಿಮಿಷ ಆಯಿತು. ನೀನು ಬರಲಿಲ್ಲ. ಹತ್ತು ನಿಮಿಷ ಆಯಿತು. ಬರಲಿಲ್ಲ. ನಿಜ ಹೇಳುತ್ತೇನೆ ಅಪ್ಪ, ನೀನು ಮತ್ತೆ ಹೋಗಿಬಿಟ್ಟೆ ಎಂದುಕೊಂಡೆ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಗೇಟಿನ ಕಡೆ ನಡೆದು, ಬಸ್ಸು ಹಿಡಿದು. ನಾನು ಅತ್ತ ನಾಲ್ಕು ಹೆಜ್ಜೆ ಇತ್ತ ನಾಲ್ಕು ಹೆಜ್ಜೆ ಹಾಕುತ್ತಿದ್ದೆ. "ಹೋಗಿ ನೋಡ್ಕೊಂಡು ಬರ್ತೀನಿ" ಅಂದೆ.

ಅಮ್ಮ ನನ್ನ ರಟ್ಟೆ ಹಿಡಿದುಕೊಂಡಳು. "ಬೇಡ. ನೀನು ಹೋಗಬೇಡ. ಅವರೇ ಬರಬೇಕು" ಅಂದಳು.

"ಬರದಿದ್ರೆ?"

"ಬರದಿದ್ರೆ ನಾವು ಮೂರು ಜನ ಬ್ರೆಡ್ ತಿಂದು ಮನೆಗೆ ಹೋಗೋಣ. ಆದ್ರೆ ನೀನು ಹುಡುಕ್ಕೊಂಡು ಹೋಗಬೇಡ. ಇಷ್ಟು ವರ್ಷ ಹೋಗಿದ್ದು ಸಾಕು."

ಹಾಗೆ ಹೇಳಿದಳು, ಆದರೆ ಹಿಡಿದ ರಟ್ಟೆ ಬಿಡಲಿಲ್ಲ. ಅವಳ ಬೆರಳಿನ ಗುರುತು ನನ್ನ ತೋಳಿನ ಮೇಲೆ ಸಂಜೆಯವರೆಗೂ ಇತ್ತು. ಅಜ್ಜಿ ಮಾತ್ರ, "ಅವನು ಹುಟ್ಟೋವಾಗ್ಲೂ ಎರಡು ದಿನ ತಡ ಮಾಡಿದ್ದ" ಅಂತ ಬಾಳೆಹಣ್ಣು ಸುಲಿದಳು.

ಆಗ ಗಂಟೆ ಕೇಳಿಸಿತು. ಬಿಡದೆ ಹೊಡೆಯುತ್ತಿತ್ತು. ಯಾರೋ ಸಣ್ಣ ಹುಡುಗರ ಗುಂಪು ಬರುತ್ತಿದೆ ಎಂದುಕೊಂಡೆ. ತಿರುವಿನಲ್ಲಿ ನೀನು ಬಂದೆ. ಸೈಕಲ್ಲಿನ ಮೇಲೆ ಕೂತು. ಎಡಗಾಲು ಪೆಡಲಿನ ಮೇಲೆ, ಬಲಗಾಲು ನೆಲಕ್ಕೆ ಎಳೆದುಕೊಂಡು, ಹ್ಯಾಂಡಲ್ ಅತ್ತಿತ್ತ ಓಲಾಡುತ್ತಾ. ಪಕ್ಕದಲ್ಲಿ ನಡೆದುಕೊಂಡು ಬಂದ ಮುದುಕರೊಬ್ಬರು ನಿನ್ನನ್ನು ದಾಟಿ ಮುಂದೆ ಹೋದರು. ಅವರೂ ಹೋದ ಮೇಲೆ ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹಿಂದೆ ಇಲ್ಲ, ಮುಂದೆ ಇಲ್ಲ, ಅಡ್ಡದಾರಿಯಲ್ಲಿ ಇಲ್ಲ. ಆದರೂ ನೀನು ಹೆಬ್ಬೆರಳು ತೆಗೆಯದೆ ಗಂಟೆ ಹೊಡೆಯುತ್ತಲೇ ಬಂದೆ. ಮರಗಳಿಗೆಲ್ಲ ದಾರಿ ಬಿಡಿ ಅನ್ನುವ ಹಾಗೆ.

ಅಜ್ಜಿ, "ಬಂತಪ್ಪ ಆಂಬುಲೆನ್ಸು" ಅಂದಳು.

ಅಪ್ಪಾ, ಆಗ ಅಮ್ಮ ನಕ್ಕಳು. ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಸೇತುವೆಯ ಕಂಬಿಗೆ ಒರಗಿ ನಕ್ಕಳು. ನೀನು ಹತ್ತಿರ ಬರುವಷ್ಟರಲ್ಲಿ ನೀರಿನ ಕಡೆ ತಿರುಗಿಕೊಂಡಳು, ಸೆರಗಿನಿಂದ ಮುಖ ಒರೆಸಿಕೊಂಡಳು. ನಿನಗೆ ಕಂಡದ್ದು ಅವಳ ಬೆನ್ನು ಮಾತ್ರ. ಅವಳು ಮುಖ ತಿರುಗಿಸಿಕೊಂಡಳೆಂದು ನೀನು ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿದೆ. ಊಟದ ಹೊತ್ತಿನಲ್ಲೂ ಅದೇ ಮುಖ, ಮರುದಿನ ಬಸ್ ಹತ್ತುವಾಗಲೂ ಅದೇ ಮುಖ. ಇದನ್ನು ನಿನಗೆ ತಿಳಿಸಲೆಂದೇ ಬರೆಯಲು ಕೂತೆ. ನಾನು ಬರೆದೆನೆಂದು ಅವಳಿಗೆ ಹೇಳಬೇಡ.

ನಾನು ನಗಲಿಲ್ಲ. ನನಗೆ ಇನ್ನೂ ಸ್ವಲ್ಪ ದಿನ ಬೇಕು. ಆದರೆ ನೀನು ಬಂದು ಪಕ್ಕದಲ್ಲಿ ಕೂತ ಮೇಲೆ, ತುಂಬ ಹೊತ್ತು, ನಾನು ಎದ್ದು ಎಲ್ಲಿಗೂ ಹೋಗಲಿಲ್ಲ.

ತರಲೆ